ಹೇಮಾವತಿ ಕೇಳಿದ ಒಂದು ಡಬ್ಬಿ

ಕೇಳೋರು ಹೂಂ ಅಂದರೇನೇ ಹೇಳೋರಿಗೆ ಹುರುಪು. ಅಂದಿರಾ? ಸರಿ, ಹಾಗಾದರೆ ಕೇಳಿ.

ಶಿರಾ ಸೀಮೆಯ ಒಂದೂರಲ್ಲಿ ಚೆಲುವಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಗವಿರಂಗ. ಆಳು ಆರಡಿ, ಕೆಲಸಕ್ಕೆ ಗಟ್ಟಿ, ಮನಸ್ಸು ಹಾಲಿನಂಥದ್ದು. ತಲೆಯ ವಿಷಯ ಮಾತ್ರ ಕೇಳಬೇಡಿ. ಹೇಳಿದಷ್ಟು ಮಾಡುತ್ತಿದ್ದ, ಒಂದು ಗುಲಗಂಜಿ ಹೆಚ್ಚಿಲ್ಲ, ಒಂದು ಗುಲಗಂಜಿ ಕಮ್ಮಿಯಿಲ್ಲ. ಒಲೆ ಮುಂದೆ ಕೂತಿರು ಅಂದರೆ ಒಲೆ ಆರಿ ತಣ್ಣಗಾದ ಮೇಲೂ ಕೂತಿರುತ್ತಿದ್ದ. "ಇವನಿಗೆ ಯಾರು ಹೆಣ್ಣು ಕೊಡ್ತಾರಪ್ಪಾ ದೇವ್ರೇ!" ಅಂತ ಚೆಲುವಮ್ಮ ದಿನಾ ತಲೆ ಚಚ್ಚಿಕೊಳ್ಳುತ್ತಿದ್ದಳು.

ಕೊನೆಗೊಂದು ಸಂಬಂಧ ಕೂಡಿ ಬಂತು. ಪಕ್ಕದೂರಿನ ಚಿಕ್ಕೀರಪ್ಪನ ಮಗಳು ಹೇಮಾವತಿ. ಅವರೂರಿನ ಹೆಂಗಸರ ಸಂಘದಲ್ಲಿ ಹಣ್ಣು ತರಕಾರಿ ಒಣಗಿಸಿ ಡಬ್ಬಿ ತುಂಬಿಸೋ ಕೆಲಸಕ್ಕೆಲ್ಲ ಅವಳದೇ ಯಜಮಾನಿಕೆ. ಹೊಲ ಎಷ್ಟಿದೆ, ಮನೆ ಎಂಥದು, ಒಂದನ್ನೂ ಅವಳು ಕೇಳಲಿಲ್ಲ. "ಹುಡುಗ ಕೈಯಾರೆ ಒಣಗಿಸಿದ್ದು ಒಂದು ಡಬ್ಬಿ ತೋರಿಸಲಿ. ಚೆನ್ನಾಗಿದ್ರೆ ಮದುವೆ ಮಾತು. ಭಾನುವಾರ ಬರ್ತೀವಿ" ಅಂತ ಹೇಳಿ ಕಳಿಸಿದಳು.

ಈ ಹುಡುಗಿ ಕೈತಪ್ಪಿದರೆ ಮಗ ಬ್ರಹ್ಮಚಾರಿಯಾಗೇ ಉಳಿಯೋದು ಗ್ಯಾರಂಟಿ. ಚೆಲುವಮ್ಮ ಓಡಿದಳು, ತಮ್ಮೂರಿನ ಸಂಘದಿಂದ ಒಣಗಿಸೋ ಪೆಟ್ಟಿಗೆಯನ್ನು ಕೇಳಿ ತಂದಳು. ಅದಕ್ಕೆ ಡಿಹೈಡ್ರೇಟರ್ ಅಂತ ಹೆಸರಂತೆ. ಒಳಗೆ ಆರು ಜಾಲರಿ ತಟ್ಟೆ, ಗುಂಡಿ ಒತ್ತಿದರೆ ಬುಸುಬುಸು ಬಿಸಿಗಾಳಿ.

ಗುರುವಾರ ಬೆಳಗ್ಗೆ ಮಗನನ್ನು ಕೂರಿಸಿಕೊಂಡು ಹೇಳಿದಳು. "ಲೋ ಗವಿರಂಗ, ಬಾಳೆಹಣ್ಣು ತೆಳ್ಳಗೆ ಬಿಲ್ಲೆ ಬಿಲ್ಲೆ ಕೊಯ್ಯಿ. ನಿಂಬೆಹುಳಿ ನೀರಿಗೆ ಅದ್ದು. ಒಂದಕ್ಕೊಂದು ತಾಗದಂಗೆ ಇಡು. ತಾಗಿದ್ರೆ ಕೆಡ್ತು! ತಿಳೀತಾ?"

"ತಿಳೀತು ಕಣವ್ವಾ!"

ಅವಳು ಕಳೆ ಕೀಳೋಕೆ ಹೋದಳು. ಮಧ್ಯಾಹ್ನ ಬಂದು ನೋಡುತ್ತಾಳೆ, ಹೊಸಿಲ ಮೇಲೊಂದು ಬಿಲ್ಲೆ, ಕಿಟಕಿಯಲ್ಲೊಂದು ಬಿಲ್ಲೆ, ದೇವರ ಗೂಡಲ್ಲೊಂದು ಬಿಲ್ಲೆ, ಮಂಚದ ಮೇಲೊಂದು ಬಿಲ್ಲೆ. ಅಂಗಳದಲ್ಲಂತೂ ಮಾರು ದೂರಕ್ಕೊಂದು! ಕೋಳಿಗಳಿಗೆ ಹಬ್ಬವೋ ಹಬ್ಬ. ಪೆಟ್ಟಿಗೆ ಖಾಲಿ.

"ಅಯ್ಯೋ ಮುಂಡೇದೇ! ಪೆಟ್ಟಿಗೇಲಿ ಇಡೋಕೆ ಏನಾಗಿತ್ತೋ?"

"ಅದ್ರಲ್ಲಿ ಹತ್ತತ್ರ ಆಗ್ತವಲ್ಲವ್ವಾ. ತಾಗಿಬಿಟ್ರೆ?"

"ನಿನ್ನ ತಲೆ! ಇರೋದನ್ನೆಲ್ಲ ಒಳಗಿಟ್ಟು ಬಾಗಿಲು ಹಾಕ್ಬೇಕಿತ್ತು! ಒಣಗೋವರೆಗೂ ಯಾರೇ ಬಂದು ಬಡಕೊಂಡ್ರೂ ಬಾಗಿಲು ತೆಗೀಬಾರ್ದಿತ್ತು!"

"ಹಂಗೇ ಆಗ್ಲಿ ಕಣವ್ವಾ!"

ಶುಕ್ರವಾರ ಪರಂಗಿಹಣ್ಣು ತಂದಿಟ್ಟು, ಚೆಲುವಮ್ಮ ಬೆಂಡೆಕಾಯಿ ಬಿಡಿಸೋಕೆ ತೋಟಕ್ಕೆ ಹೋದಳು. ಎಲ್ಲಿತ್ತೋ ಮಳೆ, ದಬದಬ ಸುರಿಯಿತು. ಮಡಿಲಲ್ಲಿ ಬೆಂಡೆಕಾಯಿ ಕಟ್ಟಿಕೊಂಡು ಓಡೋಡಿ ಬಂದರೆ ಮನೆ ಬಾಗಿಲು ಹಾಕಿದೆ. ಒಳಗಿನಿಂದ ಆಡಿನ ಸದ್ದು, ಕರುವಿನ ಸದ್ದು, ಕೋಳಿಯ ಸದ್ದು.

"ಲೋ, ಬಾಗಿಲು ತೆಗಿಯೋ!"

"ಯಾರು, ಅವ್ವಾನಾ? ಒಣಗಿದ್ದೀಯಾ?"

"ಒಣಗೋದೆಲ್ಲಿ ಬಂತೋ, ನೆಂದು ತೊಪ್ಪೆಯಾಗಿದ್ದೀನಿ!"

"ಹಂಗಾದ್ರೆ ತೆಗಿಯಂಗಿಲ್ಲ ಕಣವ್ವಾ. ನೀನೇ ಹೇಳಿದ್ದು."

ಬೈದಳು, ಬೇಡಿದಳು, ಬಾಗಿಲು ಒದ್ದಳು. ಜಪ್ಪಯ್ಯ ಅಂದರೂ ತೆಗೆಯಲಿಲ್ಲ. ಮಳೆ ನಿಂತು, ಬಿಸಿಲು ಬಿದ್ದು, ಸೀರೆ ಸೆರಗು ಆರಿ, "ಒಣಗಿದ್ದೀನಪ್ಪಾ ತಂದೇ!" ಅಂದ ಮೇಲೆ ಬಾಗಿಲು ತೆರೆಯಿತು. ಒಳಗೆ ಕೊಟ್ಟಿಗೆಗೆ ಕೊಟ್ಟಿಗೆಯೇ ಬಂದು ನಿಂತಿತ್ತು. ಇರೋದನ್ನೆಲ್ಲ ಒಳಗಿಡು ಅಂದಿದ್ದಳಲ್ಲ! ಪರಂಗಿಹಣ್ಣನ್ನು ಆಡು ಸಿಪ್ಪೆ ಸಮೇತ ಮುಗಿಸಿ, ಮೂಲೆಯಲ್ಲಿ ಮೆಲುಕು ಹಾಕುತ್ತಿತ್ತು.

"ನಿನ್ನ ಹೆತ್ತು ಕೆಟ್ಟೆ ಕಣೋ! ಬಾಗಿಲು ಹಾಕ್ಕೊಂಡು ಕೂತ್ರೆ ಒಣಗ್ತೋ ಇಲ್ವೋ ಹೆಂಗೆ ಗೊತ್ತಾಗುತ್ತೆ? ಮುರಿದು ನೋಡ್ಬೇಕು! ಲಟಕ್ ಅಂದ್ರೆ ಒಣಗಿದೆ ಅಂತ. ಇಲ್ಲಾಂದ್ರೆ ಇಲ್ಲ!"

"ಹಂಗೇ ಆಗ್ಲಿ ಕಣವ್ವಾ!"

ಶನಿವಾರ ಕೋಳಿ ಕೂಗೋ ಹೊತ್ತಿಗೇ ಬೆಂಡೆಕಾಯಿ ಪೆಟ್ಟಿಗೆಗೆ ಹೋಯಿತು. ಈ ಸಲ ಚೆಲುವಮ್ಮ ತಾನೇ ನಿಂತು ನೋಡಿ, ನೆಟ್ಟಗೆ ಇಡಿಸಿ, ಆಮೇಲೇ ನೀರಿಗೆ ಹೋದಳು. ನಲ್ಲಿಯ ಹತ್ತಿರ ಉದ್ದ ಸಾಲು. ಬರೋ ಹೊತ್ತಿಗೆ ಮಧ್ಯಾಹ್ನ. ಗವಿರಂಗ ಬೆವರು ಒರೆಸಿಕೊಳ್ಳುತ್ತ ನಗುನಗುತ್ತ ಎದುರು ಬಂದ.

"ಅವ್ವಾ, ಎಲ್ಲಾ ಒಣಗಿದೆ! ಒಂದೂ ಬಿಡದಂಗೆ ಮುರಿದು ನೋಡಿದೆ!"

ಆರು ತಟ್ಟೆಯ ಬೆಂಡೆಕಾಯಿಯೂ ಹಿಟ್ಟು! ಒಂದೇ ಒಂದು ಚೂರು ಚೂರಿನ ಹಾಗಿರಲಿಲ್ಲ. ಅನುಮಾನ ಬಂದು ಮತ್ತೆ ಮತ್ತೆ ಮುರಿದು ನೋಡಿದ್ದನಂತೆ. ಅಷ್ಟಕ್ಕೇ ಬಿಟ್ಟನೇ? ಪೊರಕೆ ಕಡ್ಡಿ ಒಣಗಿದೆಯಾ ಅಂತ ನೋಡಿದ್ದ, ಒಣಗಿತ್ತು. ಅವಳ ಬಾಚಣಿಗೆ ಒಣಗಿದೆಯಾ ಅಂತ ನೋಡಿದ್ದ, ಅದೂ ಒಣಗಿತ್ತು.

ಚೆಲುವಮ್ಮ ತಲೆ ಚಚ್ಚಿಕೊಂಡಳು. ಬೆಳಗಾದರೆ ಭಾನುವಾರ. "ಒಂದನ್ನ ಮುರಿದು ನೋಡಿ, ಮಿಕ್ಕಿದ್ದನ್ನ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಬೇಕಿತ್ತು ಕಣೋ! ಗಾಳಿ ಆಡ್ಬಾರ್ದು, ಗಾಳಿ!"

"ಹಂಗೇ ಆಗ್ಲಿ ಕಣವ್ವಾ!"

ಅಟ್ಟದ ಕೆಳಗೆ ಹತ್ತು ಮಾವಿನಕಾಯಿ ಉಳಿದಿದ್ದವು. ಅವಳು ಸೆರಗು ಸಿಕ್ಕಿಸಿಕೊಂಡು ಮಗನ ಪಕ್ಕದಲ್ಲೇ ನಿಂತಳು. ತಗೋ ಅಂದಳು, ತಗೊಂಡ. ಸಿಪ್ಪೆ ಹೆರೆ ಅಂದಳು, ಹೆರೆದ. ಕೊಯ್ಯಿ ಅಂದಳು, ಕೊಯ್ದ. ಉಪ್ಪು ಖಾರ ಬೆರೆಸು ಅಂದಳು, ಬೆರೆಸಿದ. ಸಾಕು ನಿಲ್ಲಿಸು ಅಂದಳು, ನಿಲ್ಲಿಸಿದ. ಪೆಟ್ಟಿಗೇಲಿ ಇಡು ಅಂದಳು, ಇಟ್ಟ. ಆರು ಗಂಟೆ ಬಿಸಿಗಾಳಿ ಕೊಡಿಸಿ, ರಾತ್ರಿಗೆ ಒಂದು ಚೂರು ಮುರಿಸಿದಳು. ಲಟಕ್! ಬಿಸಿ ಆರಿಸಿ, ಡಬ್ಬಿ ತುಂಬಿಸಿ, ಮುಚ್ಚಳ ಹಾಕಿಸಿದಳು. ಅಬ್ಬಾ, ಗೆದ್ದೆ ಅಂದುಕೊಂಡಳು, ಪಾಪ.

ಭಾನುವಾರ ಚಿಕ್ಕೀರಪ್ಪ ಮಗಳ ಜೊತೆ ಬಂದ. ಕಾಲಿಗೆ ನೀರು ಕೊಟ್ಟಾಯಿತು, ಚಾಪೆ ಹಾಸಿ ಕೂರಿಸಿದ್ದಾಯಿತು. ಗವಿರಂಗ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕೂತ.

"ಎಲ್ಲಿ, ತೆಗೀಪ್ಪಾ ನೋಡಾಣ" ಅಂದ ಚಿಕ್ಕೀರಪ್ಪ.

"ತೆಗಿಯಂಗಿಲ್ಲ."

"ಯಾಕಪ್ಪಾ?"

"ಗಾಳಿ ಆಡುತ್ತೆ."

ಚಿಕ್ಕೀರಪ್ಪ ಕೈ ಹಾಕಿದ. ಗವಿರಂಗ ಡಬ್ಬಿಯನ್ನು ಎದೆಗವುಚಿಕೊಂಡ. ಮಾವ ಎಳೆದ, ಅಳಿಯ ಬಿಡಲಿಲ್ಲ. ಇಬ್ಬರೂ ಚಾಪೆಯ ಮೇಲೆ ಉರುಳಿದರು. ಚಿಕ್ಕೀರಪ್ಪನ ಮುಖ ಕೆಂಪಗಾಯಿತು. "ಏಳಮ್ಮ ಹೇಮಾ, ಹೋಗಾಣ! ಇವನಿಗೆ ಪಿತ್ತ ನೆತ್ತಿಗೇರಿದೆ!"

ಚೆಲುವಮ್ಮ ಓಡಿ ಬಂದು ಅಡ್ಡ ನಿಂತಳು. "ಲೋ ಪಾಪಿ! ಒಣಗಿದ್ದನ್ನ ಕೊಡೋಕೇನೋ ನಿನಗೆ? ತೇವ ಇದ್ರೆ ತಾನೇ ಮತ್ತೆ ಆರು ಗಂಟೆ ಬಿಸಿಗಾಳಿಗೆ ಇಡ್ಬೇಕು! ಒಣಗಿರೋದನ್ನ ಕೊಡೋ, ಕೈ ಮುಗೀತೀನಿ!"

"ಹಂಗೇ ಆಗ್ಲಿ ಕಣವ್ವಾ!" ಅಂತ ಗವಿರಂಗ ಡಬ್ಬಿ ತೆಗೆದು ಮುಂದಿಟ್ಟ.

ಹೇಮಾವತಿ ಒಂದು ಚೂರು ತಗೊಂಡಳು. ಬೆಳಕಿಗೆ ಹಿಡಿದಳು, ಕಡಿದಳು, ಅಗಿದಳು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ಇನ್ನೊಂದು ಚೂರು ತಗೊಂಡಳು.

"ಯಾರು ಮಾಡಿದ್ದು?"

"ಅವ್ವ ಹೇಳಿದ್ಲು. ನಾನು ಮಾಡಿದೆ."

"ಅವ್ವ ಹೇಳಿದಂಗೇ ಮಾಡಿದ್ರಾ?"

"ಮತ್ತೆ? ಬೇರೆ ಹೆಂಗೆ ಮಾಡ್ತಾರೆ?"

ಹೇಮಾವತಿ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ನಮ್ಮ ಸಂಘದಲ್ಲಿ ಆರು ಗಂಟೆ ಇಡಿ ಅಂದ್ರೆ ನಾಲ್ಕಕ್ಕೇ ತೆಗೀತಾರೆ. ತೆಳ್ಳಗೆ ಕೊಯ್ರಿ ಅಂದ್ರೆ ಬೆರಳು ದಪ್ಪ ಕೊಯ್ತಾರೆ. ಬೂಷ್ಟು ಬಂದ್ರೆ ತಪ್ಪು ನನ್ನ ಮೇಲೆ ಹಾಕ್ತಾರೆ. ಹೇಳಿದ್ದನ್ನ ಹೇಳಿದಂಗೆ ಮಾಡೋ ಒಬ್ಬರನ್ನ ನಾನು ಇವತ್ತೇ ನೋಡಿದ್ದು. ಸರಿಯಾಗಿ ಹೇಳೋದು ನನಗೆ ಬರುತ್ತೆ. ನಾನು ಒಪ್ಪಿದೆ."

ಇಷ್ಟು ವರ್ಷ ಮಗನ ಬಗ್ಗೆ ಯಾರ ಬಾಯಲ್ಲೂ ಒಂದು ಒಳ್ಳೆ ಮಾತು ಕೇಳದವಳು ಚೆಲುವಮ್ಮ. ಸಂತೋಷಕ್ಕೆ ಕಣ್ಣಲ್ಲಿ ಬಳಬಳ ನೀರು ಇಳಿಯಿತು.

ಗವಿರಂಗ ನೋಡಿದ. ಅವ್ವನ ಕೆನ್ನೆ ಮುಟ್ಟಿದ.

"ಅವ್ವಾ! ತೇವ!"

ಸರಸರ ಎದ್ದ. ಪೆಟ್ಟಿಗೆಯ ಬಾಗಿಲು ತೆರೆದ, ಗುಂಡಿ ಒತ್ತಿದ. ಅವ್ವನನ್ನು ಅನಾಮತ್ತಾಗಿ ಎತ್ತಿ ಅದರ ಮುಂದೆ ಮಣೆಯ ಮೇಲೆ ಕೂರಿಸಿದ. ಬಿಸಿಗಾಳಿ ಬುಸ್ ಅಂತ ಮುಖಕ್ಕೆ ಹೊಡೆಯಿತು. "ಆರು ಗಂಟೆ ಕಣವ್ವಾ, ಅಲ್ಲಾಡ್ಬೇಡ!"

ಅದನ್ನು ನೋಡಿ ಹೇಮಾವತಿಗೆ ನಗು ಬಂತು. ನಕ್ಕಳು, ನಕ್ಕಳು, ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳು. ಗವಿರಂಗ ತಿರುಗಿ ನೋಡಿದ. ಇನ್ನೊಂದು ಮಣೆ ತಂದು ಹಾಕಿದ.

ಚಿಕ್ಕೀರಪ್ಪ ಮಾತ್ರ ಜಾಣ. ಟವಲಿನಿಂದ ಕಣ್ಣು ಒರೆಸಿಕೊಂಡು ಮೆಲ್ಲಗೆ ಹೊರಗೆ ಜಾರಿದ. ಮೂರು ಗಂಟೆಯ ಬಸ್ಸು ಬಂತು, ಹೋಯಿತು. ಐದು ಗಂಟೆಯ ಬಸ್ಸೂ ಬಂತು, ಹೋಯಿತು. ಅತ್ತೆ ಸೊಸೆ ಇಬ್ಬರೂ ಪೆಟ್ಟಿಗೆಯ ಮುಂದೆ ಒಬ್ಬರನ್ನೊಬ್ಬರು ನೋಡಿಕೊಂಡು ನಗುತ್ತಲೇ ಇದ್ದರು. ನಕ್ಕಾಗೆಲ್ಲ ಕಣ್ಣಲ್ಲಿ ನೀರು. ನೀರು ಕಂಡಾಗೆಲ್ಲ ಗವಿರಂಗ, "ಇನ್ನೂ ಆರು ಗಂಟೆ!" ಅನ್ನುತ್ತಿದ್ದ.