ಆಂಟೆನಾ ಮೇಲಿನ ಹಲ್ಲಿ

ವಾರಿಜಮ್ಮ ಟಿವಿಯ ಆಂಟೆನಾವನ್ನು ಕಿಟಕಿಯ ಬಳಿಗೆ ಸರಿಸಿದ ಹೊತ್ತಿಗೇ ಹಲ್ಲಿಯೊಂದು ಅದರ ತುದಿಗೇರಿತು. ಚಿತ್ರ ನಿಚ್ಚಳವಾಯಿತು.

"ಹಲ್ಲಿಯನ್ನು ಓಡಿಸಬೇಡಿ, ಅದು ಕೂತದ್ದಕ್ಕೇ ಚಿತ್ರ ಬಂತು!" ಎಂದರು ಮನೆಯವರೆಲ್ಲ.

ಅಂದಿನಿಂದ ಹಲ್ಲಿ ಕದಲಲಿಲ್ಲ.

"ಚಿತ್ರ ಬಂದದ್ದು ನಾನು ಕಿಟಕಿಗೆ ಬಂದದ್ದರಿಂದ, ಮಾರಾಯ. ಹೋಗಿ ಏನಾದರೂ ತಿನ್ನು," ಎಂದಿತು ಆಂಟೆನಾ.

"ನಾನಿಳಿದರೆ ಈ ಮನೆಯ ಗತಿ?" ಎಂದಿತು ಹಲ್ಲಿ. ಹಸಿವಿನಿಂದ ಅದಕ್ಕೆ ಕಣ್ಣು ಮಂಜಾಗುತ್ತಿತ್ತು.

ಒಂದು ಪತಂಗ ಬಂದು ಅದರ ಬಾಯಿಯೆದುರೇ ಕೂತಿತು. "ಸ್ವಾಮಿ, ಟಿವಿ ಆರಿಸಿ ಅವರೆಲ್ಲ ಮದುವೆಗೆ ಹೋಗಿದ್ದಾರೆ. ಬಾಗಿಲಿಗೆ ಬೀಗ ಬಿದ್ದಿದೆ."

"ಬೀಳಲಿ," ಎಂದಿತು ಹಲ್ಲಿ ಕ್ಷೀಣ ದನಿಯಲ್ಲಿ. "ನೋಡುವವರಿಲ್ಲವೆಂದು ಸ್ಥಾನ ಬಿಡಲಾಗುತ್ತದೆಯೇ?"

ಪತಂಗ ನಿಶ್ಚಿಂತೆಯಿಂದ ಅದರ ತಲೆಯ ಮೇಲೇರಿ ನಿದ್ದೆ ಹೋಯಿತು.