ರೇವವ್ವನ ಕೈಯ ಹಚ್ಚೆ

ಬಹಳ ಹಿಂದಿನ ಮಾತು. ಹೊಳೆಯ ದಂಡೆಗೆ ಒಂದು ಊರಿತ್ತು. ಎಷ್ಟು ಹಿಂದೆ ಅಂತ ಕೇಳಬೇಡಿ. ಹೊಳೆಗೆ ಇನ್ನೂ ಸೇತುವೆ ಆಗಿರಲಿಲ್ಲ, ಹರಿಗೋಲಿನಲ್ಲಿ ದಾಟಬೇಕಿತ್ತು, ಅಷ್ಟು ಗೊತ್ತಿದ್ದರೆ ಸಾಕು. ಆ ಊರಿಗೆ ಒಂದು ದಿನ ಒಬ್ಬ ಬಿಳಿ ಹೆಂಗಸು ಬಂದಳು ಅಂತಾರೆ. ತೊಡೆಯ ಮೇಲೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದಳು. ನಡುಹೊಳೆಯಲ್ಲಿ ಹರಿಗೋಲು ಗರಗರ ತಿರುಗಿದರೂ ಆಕೆಯ ಮುಖದಲ್ಲಿ ಹೆದರಿಕೆಯ ಒಂದು ಗೆರೆ ಕಾಣಲಿಲ್ಲವಂತೆ. ಹೆದರಿಕೆಯನ್ನೆಲ್ಲ ಬೇರೆ ಕಡೆ ಮುಗಿಸಿಕೊಂಡು ಬಂದಿದ್ದಳು ಅನ್ನುವುದು ಆಗ ಯಾರಿಗೆ ಗೊತ್ತು?

ಆಕೆಯ ಹೆಸರು ರಿವ್ಕಾ. ಊರಿನ ಬಾಯಿಗೆ ಅದು ಹೊರಳಲಿಲ್ಲ, ರೇವವ್ವ ಅಂದರು. ಹೊಳೆಯಾಚೆಯ ದವಾಖಾನೆಯವರು ಆಕೆಯನ್ನು ಹೆರಿಗೆ ಮಾಡಿಸಲು ಕಳಿಸಿದ್ದರು. ಊರಹೊರಗಿನ ಎರಡು ಕೋಣೆಯ ಮನೆಯಲ್ಲಿ ಉಳಿದಳು, ಮೂವತ್ತು ವರ್ಷಕ್ಕೂ ಮಿಕ್ಕಿ ಉಳಿದಳು.

ಆಕೆ ಮುಟ್ಟಿದರೆ ಅಡ್ಡ ಸಿಕ್ಕ ಕೂಸು ತಾನಾಗಿ ತಿರುಗುತ್ತಿತ್ತು ಅಂತಾರೆ. ಉಸಿರಿಲ್ಲದ ಕೂಸಿನ ಬಾಯಿಗೆ ಬಾಯಿಟ್ಟು ಊದಿದರೆ ಅದು ಚಿಟ್ಟನೆ ಚೀರುತ್ತಿತ್ತು ಅಂತಾರೆ. ಆಕೆಯ ಕೈಗೆ ಬಂದ ಒಂದು ಕೂಸೂ ಸಾಯಲಿಲ್ಲ ಅಂತಾರೆ. ಅನ್ನುವವರಿಗೇನು, ನಾಲಗೆಗೆ ಎಲುಬಿದೆಯೇ? ಸತ್ತವು. ನಾಲ್ಕಾರು ಸತ್ತವು. ತಾನೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬರುತ್ತಿದ್ದಳು, ಆಮೇಲೆ ಎರಡು ದಿನ ಕದ ತೆಗೆಯುತ್ತಿರಲಿಲ್ಲ. ಅದನ್ನು ಯಾರೂ ಹೇಳುವುದಿಲ್ಲ.

ಎಂಥ ಬಿಸಿಲಿದ್ದರೂ ರೇವವ್ವ ಮುಂಗೈ ಮುಚ್ಚುವ ತೋಳಿನ ಜಂಪರನ್ನೇ ತೊಡುತ್ತಿದ್ದಳು. ಹೆರಿಗೆಗೆ ಕೂತಾಗ ಮಾತ್ರ ತೋಳು ಮೇಲಕ್ಕೇರಿಸಬೇಕಲ್ಲ? ಆಗ ಎಡಗೈ ಮೇಲೆ ನೀಲಿ ಬಣ್ಣದ ಐದು ಗುರುತು ಕಾಣುತ್ತಿದ್ದವು. ಬೇನೆ ತಿನ್ನುವ ಹೆಂಗಸರು ಆ ಕೈಯನ್ನೇ ಹಿಡಿದುಕೊಂಡು ಒದ್ದಾಡುತ್ತಿದ್ದರು, ಆ ಗುರುತುಗಳನ್ನೇ ನೋಡುತ್ತಿದ್ದರು. ಗಂಡಸರಾರೂ ಅದನ್ನು ಕಂಡಿರಲಿಲ್ಲ. ಹೆತ್ತವರು ಮಾತ್ರ ಕಂಡಿದ್ದರು.

ನಮ್ಮ ಹೆಂಗಸರಿಗೆ ಅದು ಏನಾಗಿ ಕಾಣಬೇಕು ಹೇಳಿ. ಹಚ್ಚೆಯಾಗಿ ಕಂಡಿತು. ನಮ್ಮವರ ಕೈಮೇಲೆ ತುಳಸಿಕಟ್ಟೆ ಇಲ್ಲವೆ, ತೊಟ್ಟಿಲು ಇಲ್ಲವೆ, ತವರಿನ ದೇವರ ಹೆಸರಿಲ್ಲವೆ? ಸತ್ತಾಗ ಬಂಗಾರ ಬಿಚ್ಚಿಕೊಳ್ಳುತ್ತಾರೆ, ಬಳೆ ಒಡೆಯುತ್ತಾರೆ, ಜೊತೆಗೆ ಬರುವುದು ಹಚ್ಚೆಯೊಂದೇ ಅಂತ ನಮ್ಮವರು ನಂಬಿದ್ದರು. ಬಾಣಂತಿಯರು ಕೇಳಿದರಂತೆ, ಯಾವ ದೇವರದು ಯವ್ವಾ ಇದು ಅಂತ. ರೇವವ್ವ ತೋಳು ಕೆಳಗೆಳೆದುಕೊಂಡು ಬಿಸಿನೀರು ತರಲು ಹೇಳಿದಳಂತೆ. ಹಚ್ಚೆ ಜೊತೆಗೇ ಬರುತ್ತದೆ ಅನ್ನುವ ಮಾತು ಕೇಳಿ ಮಾತ್ರ ಆಕೆಗೆ ಒಳಗೊಳಗೇ ಸಮಾಧಾನವಾಗಿತ್ತು. ಬರಲಿ, ಇದು ನನ್ನ ಜೊತೆ ಮಣ್ಣಿಗೆ ಬರಲಿ, ಅಲ್ಲಿಗೆ ಮುಗಿಯಲಿ ಅಂದುಕೊಂಡಿದ್ದಳು. ಅದೊಂದೇ ಆಕೆಗೆ ಉಳಿದಿದ್ದ ಆಸೆ.

ಆ ಊರಲ್ಲಿ ಶಾವಂತ್ರವ್ವ ಅಂತ ಒಬ್ಬಳಿದ್ದಳು. ಮೂರು ಹೆತ್ತು ಮೂರನ್ನೂ ಕಳೆದುಕೊಂಡವಳು. ನಾಲ್ಕನೆಯದನ್ನು ರೇವವ್ವ ಒಂದೂವರೆ ದಿನ ಬೆವರು ಸುರಿಸಿ ಉಳಿಸಿಕೊಟ್ಟಳು. ಹೆಣ್ಣು ಕೂಸು. ಹೊಳೆವ್ವ ಅಂತ ಹೆಸರಿಟ್ಟರು. ಆ ಹೊಳೆವ್ವನಿಗೆ ಆರು ತುಂಬಿದಾಗ ಹಚ್ಚೆ ಹಾಕುವ ಹುಲಿಗೆವ್ವ ಸೂಜಿ, ಕಾಡಿಗೆ ಹಿಡಿದು ಊರಿಗೆ ಬಂದಳು. ಶಾವಂತ್ರವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಒಂದೂವರೆ ದಿನ ಆ ಐದು ಗುರುತನ್ನೇ ನೋಡುತ್ತ ಬೇನೆ ತಿಂದವಳು ಆಕೆ. ನೆಲದ ಮೇಲೆ ಬೆರಳಿನಿಂದ ಬರೆದು ತೋರಿಸಿದಳು. ಹುಲಿಗೆವ್ವ ಹಾಗೇ ಚುಚ್ಚಿದಳು. ಗಾಯ ಮಾಗಿದ ಮೇಲೆ ಶಾವಂತ್ರವ್ವ ಮಗಳಿಗೆ ಹೊಸ ಲಂಗ ತೊಡಿಸಿ, ಒಂದು ಅಚ್ಚು ಬೆಲ್ಲ ಹಿಡಿದುಕೊಂಡು ರೇವವ್ವನ ಮನೆಗೆ ಬಂದಳು.

"ಯವ್ವಾ, ನಿನ್ನ ಕೈಯಾಗಿನ ಹಚ್ಚಿ ನನ್ನ ಮಗಳಿಗೂ ಹಾಕ್ಸೀನಿ ನೋಡು. ನಿನ್ನ ಬಲ ಆಕಿಗೂ ಬರ್ಲಿ ಅಂತ ಹರಸು."

ಹುಡುಗಿ ನಗುತ್ತ ಕೈ ಮುಂದೆ ಚಾಚಿದಳು.

ರೇವವ್ವ ಹೊಳೆವ್ವನ ಕೈ ಎಳೆದುಕೊಂಡು ಸೆರಗಿನಿಂದ ಉಜ್ಜಿದಳು. ಉಗುಳು ಹಚ್ಚಿ ಉಜ್ಜಿದಳು. ಬೂದಿ ತಂದು ಉಜ್ಜಿದಳು. ಚರ್ಮ ಕೆಂಪಾಯಿತು, ಹುಡುಗಿ ಚೀರಿದಳು, ಗುರುತು ಮಾತ್ರ ಅಲುಗಲಿಲ್ಲ. ಶಾವಂತ್ರವ್ವ ಮಗಳನ್ನು ಕಸಿದುಕೊಂಡು ಶಾಪ ಹಾಕುತ್ತ ಹೋದಳು. ಸಂಜೆಯೊಳಗೆ ಊರೆಲ್ಲ ಸುದ್ದಿ. ತನ್ನ ಶಕ್ತಿ ಇನ್ನೊಬ್ಬರಿಗೆ ಹೋದೀತೆಂದು ಮುದುಕಿಗೆ ಹೊಟ್ಟೆಕಿಚ್ಚು ಅಂದರು. ಹೌದ್ರಿ, ಹಾಗೇ ಅಂದರು. ಅಂದಮೇಲೆ ಅದರಲ್ಲಿ ಏನೋ ಇದೆ ಅಂತ, ಹುಲಿಗೆವ್ವ ಊರು ಬಿಡುವುದರೊಳಗೆ ಇನ್ನೂ ಏಳು ತಾಯಂದಿರು ತಮ್ಮ ಹೆಣ್ಣುಮಕ್ಕಳ ಕೈಗೆ ಅದನ್ನೇ ಹಾಕಿಸಿದರು.

ಆಗ ರೇವವ್ವನಿಗೆ ಅರವತ್ತರ ಹತ್ತಿರ. ಹೇಳಲೇಬೇಕಾಯಿತು. ಆದರೆ ಯಾವ ಮಾತಿನಲ್ಲಿ ಹೇಳುವುದು? ಮೂವತ್ತು ವರ್ಷದಲ್ಲಿ ಆಕೆ ಕಲಿತ ಕನ್ನಡ ಹೆರಿಗೆ ಕೋಣೆಯದು. ತಿಣುಕು, ತಡಿ, ಉಸಿರು ಬಿಡು, ಗಂಡು, ಹೆಣ್ಣು. ಜನ ಹುಟ್ಟುವುದಕ್ಕೆ ಬೇಕಾದ ಮಾತೆಲ್ಲ ಇತ್ತು. ಒಂದು ಜನವನ್ನೇ ಅಳಿಸಿಹಾಕಿದ್ದನ್ನು ಹೇಳುವ ಮಾತು ಅದರಲ್ಲಿರಲಿಲ್ಲ. ಹಾಗಾಗಿ ಒಲೆಯಿಂದ ಒಂದು ಇದ್ದಿಲು ಎತ್ತಿಕೊಂಡಳು.

ಹುಟ್ಟಿದ ಕೂಸನ್ನು ಮೊದಲು ಮೊರದಲ್ಲಿ ಜೋಳ ಹರವಿ ಮಲಗಿಸುವುದು ನಮ್ಮ ಕಡೆಯ ಪದ್ಧತಿ. ರೇವವ್ವ ತಾನು ಹೆರಿಗೆ ಮಾಡಿಸಿದ ಮನೆಮನೆಗೂ ಹೋಗಿ ಹಳೆಯ ಮೊರ ಕೇಳಿದಳು. ಹರಿದದ್ದು, ಅಂಚು ಬಿಟ್ಟದ್ದು, ಯಾವುದಾದರೂ ಸರಿ. ಕಾಗದ ನೆನೆಸಿ ಮೆಂತ್ಯದ ಜೊತೆ ರುಬ್ಬಿ ಮೆತ್ತಿದಳು. ಒಣಗಿದ ಮೇಲೆ ಒಂದೊಂದರಲ್ಲಿ ಒಂದೊಂದು ಮುಖ ಬರೆದಳು. ಮೊದಮೊದಲು ಮುಖ ಮುಖದಂತಿರಲಿಲ್ಲವಂತೆ. ಅಳಿಸಿದಳು, ಮತ್ತೆ ಬರೆದಳು. ಬೆಳಿಗ್ಗೆ ಕೂತರೆ ಊಟದ ಪರಿವೆ ಇರಲಿಲ್ಲ. ಇಷ್ಟು ದಿನ ನಾನೇಕೆ ಸುಮ್ಮನಿದ್ದೆ ಅಂತ ತನ್ನನ್ನೇ ಬೈದುಕೊಳ್ಳುತ್ತಿದ್ದಳಂತೆ. ಶಾಲೆಯ ಮಾಸ್ತರರ ಹತ್ತಿರ ಕೂತು ಅಕ್ಷರ ತಿದ್ದಿದಳು. ತನ್ನ ಭಾಷೆಯಲ್ಲಿ ಬರೆದರೆ ಓದುವವರು ಈ ಊರಲ್ಲಿಲ್ಲ, ತನ್ನ ಊರಲ್ಲಿ ಓದುತ್ತಿದ್ದವರನ್ನು ಉಳಿಸಿಲ್ಲ. ಅದಕ್ಕೆ ಕನ್ನಡದಲ್ಲೇ ಬರೆದಳು, ಪ್ರತಿ ಮುಖದ ಕೆಳಗೆ ಎರಡು ಮೂರು ಸಾಲು.

"ಇವಳು ಗಿಟ್ಲ್. ನನ್ನ ಅವ್ವ. ಶುಕ್ರವಾರ ರೊಟ್ಟಿ ಮಾಡುತ್ತಿದ್ದಳು."

"ಇವನು ಲೈಬ್. ನನ್ನ ಅಪ್ಪ. ಪುಸ್ತಕ ಹೊಲಿಯುತ್ತಿದ್ದ."

"ಇವಳು ಪೆಸ್ಯಾ. ನನ್ನ ತಂಗಿ. ಆರು ವರ್ಷ. ನಾನು ಅವಳ ಕೈ ಬಿಟ್ಟೆ."

ಎರಡು ವರ್ಷದಲ್ಲಿ ನಲವತ್ತು ಮೊರ ತುಂಬಿದವು. ಒಂದು ದಿನ ಅವನ್ನೆಲ್ಲ ಹೊರಗೋಡೆಗೆ ತೂಗುಹಾಕಿ ಊರನ್ನು ಕರೆದಳು. ಎಲ್ಲರೂ ಬಂದರು. ಗೌಡರು, ಮಾಸ್ತರರು, ಎಂಟು ಹುಡುಗಿಯರ ತಾಯಂದಿರು ಅಂಗಳದಲ್ಲಿ ಕೂತರು. ಊರಾಚೆಯ ಕೇರಿಯವರೂ ಬಂದಿದ್ದರು. ಗೌಡರು ಕೂತ ಅಂಗಳಕ್ಕೆ ಅವರು ಕಾಲಿಡುವ ಹಾಗಿರಲಿಲ್ಲವಲ್ಲ, ದೂರದಲ್ಲಿ ಬೇವಿನ ಗಿಡದ ಕೆಳಗೆ ನಿಂತುಕೊಂಡರು.

ರೇವವ್ವ ಮೊರಗಳನ್ನು ತೋರಿಸುತ್ತ ಹೇಳಿದಳು. ಸಮುದ್ರದಾಚೆ ನಾವು ಯೆಹೂದಿ ಜನ ಇದ್ದೆವು, ಯಾರಿಗೂ ಕೇಡು ಮಾಡಿರಲಿಲ್ಲ. ಈ ಜನ ಇರಬಾರದು ಅಂತ ಒಬ್ಬ ದೊರೆ ಹೇಳಿದ. ಮನೆಮನೆಯ ಹೆಸರು ಬರೆದುಕೊಂಡರು. ದನ ಸಾಗಿಸುವ ರೈಲಿನಲ್ಲಿ ತುಂಬಿದರು. ಇಳಿಸಿದಲ್ಲಿ ದುಡಿಯಲು ಆಗುವವರನ್ನು ಒಂದು ಕಡೆ, ಮುದುಕರು ಮಕ್ಕಳನ್ನು ಇನ್ನೊಂದು ಕಡೆ ನಿಲ್ಲಿಸಿದರು. ಆ ಇನ್ನೊಂದು ಕಡೆಯವರು ಅದೇ ದಿನ ಹೊಗೆಯಾದರು. ಪೆಸ್ಯಾ ಆ ಕಡೆ ಹೋದಳು. ಇಷ್ಟು ಹೇಳಿ ರೇವವ್ವ ತೋಳು ಮೇಲೇರಿಸಿದಳು. ಗಂಡಸರು ಅದನ್ನು ಕಂಡದ್ದು ಅವತ್ತೇ ಮೊದಲು.

"ಇದು ಹಚ್ಚಿ ಅಲ್ರವ್ವಾ. ನೀವು ದನಕ್ಕ ಬರಿ ಹಾಕ್ತೀರಲ್ಲ, ಅದು. ನನ್ನ ಹೆಸರು ಕಸ್ಗೊಂಡು ಈ ಅಂಕಿ ಕೊಟ್ರು. ಇದು ನನ್ನ ಕೂಡ ಮುಗೀಬೇಕಾಗಿತ್ತು. ನೀವು ಮಕ್ಕಳ ಕೈಗೆ ಹಾಕಿಸೀರಿ."

ಶಾವಂತ್ರವ್ವ ಎದೆ ಎದೆ ಬಡಿದುಕೊಂಡು ಅತ್ತಳು. ಎಲ್ಲ ಹೆಂಗಸರೂ ಅತ್ತರು. ಮಾಸ್ತರರು, ನಿಮ್ಮನ್ನು ಒಯ್ಯುವಾಗ ನೆರೆಹೊರೆಯವರು ಏನು ಮಾಡುತ್ತಿದ್ದರು ಅಂತ ಕೇಳಿದರು. ಕಿಟಕಿಯಿಂದ ನೋಡುತ್ತಿದ್ದರು ಅಂದಳು. ಗೌಡರು ಎದ್ದು ನಿಂತು ಸಮಾಧಾನ ಹೇಳಿದರು.

"ಅದು ಆ ದೇಶ, ಬಿಡವ್ವಾ. ನಮ್ಮೂರಾಗ ಅಂಥಾದ್ದು ಎಂದೂ ಆಗಂಗಿಲ್ಲ."

ರೇವವ್ವ ಗೌಡರನ್ನು ನೋಡಿದಳು. ಆಮೇಲೆ ಬೇವಿನ ಗಿಡದ ಕೆಳಗೆ ನಿಂತವರನ್ನು ನೋಡಿದಳು. ಬಹಳ ಹೊತ್ತು ನೋಡಿದಳಂತೆ.

ಹುಲಿಗೆವ್ವನನ್ನು ಕರೆಸಿದರು. ಹಾಕಿದ್ದನ್ನು ತೆಗೆಯಲು ತನಗೆ ಬರುವುದಿಲ್ಲ, ಬೇಕಾದರೆ ಮುಚ್ಚಿಕೊಡುತ್ತೇನೆ ಅಂದಳು ಆಕೆ. ಎಂಟು ಕೈಗಳಿಗೂ ರೇವವ್ವನೇ ಇದ್ದಿಲಿನಿಂದ ಬಳ್ಳಿ ಬರೆದಳು, ಹುಲಿಗೆವ್ವ ಅದರ ಮೇಲೆ ಚುಚ್ಚಿದಳು. ಎಲೆಗಳ ಕೆಳಗೆ ಅಂಕಿ ಮುಚ್ಚಿಹೋಯಿತು. ಗೊತ್ತಿದ್ದವರು ಹುಡುಕಿದರೆ ಆಮೇಲೂ ಕಾಣುತ್ತಿತ್ತು.

ಸಾಯುವ ಮುಂಚೆ ರೇವವ್ವ, ಅಷ್ಟರಲ್ಲಿ ಓದು ಕಲಿತಿದ್ದ ಹೊಳೆವ್ವನನ್ನು ಹತ್ತಿರ ಕೂರಿಸಿಕೊಂಡು ಎರಡು ಮಾತು ಹೇಳಿದಳು. ಆ ಅಂಕಿ ಇನ್ನು ಯಾರ ಮೈಮೇಲೂ ಬರಬಾರದು. ಮೊರದ ಮೇಲಿನ ಹೆಸರುಗಳನ್ನು ಆಗಾಗ ಗಟ್ಟಿಯಾಗಿ ಓದಬೇಕು, ಪೂಜೆ ಮಾಡಬಾರದು. ಆಗಲಿ ಅಂತ ಹೊಳೆವ್ವ ಆಕೆಯ ಕೈಮೇಲೆ ಕೈಯಿಟ್ಟಳು. ರೇವವ್ವನನ್ನು ಆ ಬೇವಿನ ಗಿಡದಿಂದ ಸ್ವಲ್ಪ ದೂರದಲ್ಲಿ, ಹೊಳೆಯ ದಂಡೆಯಲ್ಲಿ ಮಣ್ಣು ಮಾಡಿದರು.

ಊರು ಕೇಳಿತೇ? ಊರು ಎಲ್ಲಿ ಕೇಳುತ್ತದೆ! ವರ್ಷ ತಿರುಗುವುದರೊಳಗೆ ಮಣ್ಣು ಮಾಡಿದ ಜಾಗಕ್ಕೆ ನಾಲ್ಕು ಗೋಡೆ ಎದ್ದವು, ಗುಡಿಯಾಯಿತು. ಮೊರಗಳನ್ನು ಒಳಗೆ ತೂಗುಹಾಕಿದರು. ಶುಕ್ರವಾರ ಶುಕ್ರವಾರ ಬಸುರಿಯರು ಬಂದು ಆ ಮುಖಗಳಿಗೆ ಅರಿಶಿನ ಹಚ್ಚಿದರು, ಕುಂಕುಮ ಹಚ್ಚಿದರು, ಎಣ್ಣೆ ಸುರಿದರು. ಗಿಟ್ಲ್ ಮಾಸಿದಳು, ಲೈಬ್ ಮಾಸಿದ. ಮುಖ ಇದ್ದಲ್ಲಿ ಅರಿಶಿನದ ಹೆಪ್ಪು ಉಳಿಯಿತು. ಗುಡಿ ಅಂದಮೇಲೆ ಬಾಗಿಲ ಕಲ್ಲಿನ ಮೇಲೆ ದೇವಿಯ ಗುರುತು ಬೇಡವೇ? ಆ ಐದು ಅಂಕಿಯನ್ನೇ ಕುಂಕುಮದಲ್ಲಿ ಬರೆದರು. ಹೊಳೆವ್ವ ಬೇಡ ಅಂತ ಅಡ್ಡ ನಿಂತಳು. ರೇವವ್ವ ಮೈಮೇಲೆ ಬೇಡ ಅಂದಿದ್ದಳು, ಕಲ್ಲಿನ ಮೇಲೆ ಬೇಡ ಅಂದಿರಲಿಲ್ಲವಲ್ಲ ಅಂತ ಆಕೆಯ ಬಾಯಿ ಮುಚ್ಚಿಸಿದರು. ಆ ಗುಡಿಗೂ ಕೇರಿಯವರನ್ನು ಬಿಡಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಹೊಳೆವ್ವ ಏನು ಮಾಡಬೇಕು? ಮುಖಗಳು ಅಳಿಸುವ ಮೊದಲೇ ನಲವತ್ತು ಹೆಸರನ್ನೂ ಬಾಯಿಪಾಠ ಮಾಡಿಕೊಂಡಿದ್ದಳು. ಪ್ರತಿ ಶನಿವಾರ ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು ಬಂದು ಕಲ್ಲಿನ ಮೇಲಿನ ಅಂಕಿ ಒರೆಸುತ್ತಿದ್ದಳು. ಒರೆಸಿ, ಹೊಸ್ತಿಲಲ್ಲಿ ಕೂತು, ಹೆಸರು ಹೇಳುತ್ತಿದ್ದಳು. ತನ್ನ ಮಗಳು ದೊಡ್ಡವಳಾಗುವತನಕ ಒಂದು ವಾರ ತಪ್ಪಲಿಲ್ಲ ಅಂತಾರೆ. ಆಕೆಯ ನಂತರ ಆಕೆಯ ಮಗಳು ಹಿಡಿದಳು.

ಈಗಲೂ ಹೋಗಿ ನೋಡಿ. ಈಗ ಸೇತುವೆ ಇದೆ, ನಡೆದೇ ಹೋಗಬಹುದು. ಶುಕ್ರವಾರ ಹೋದರೆ ಕಲ್ಲಿನ ಮೇಲೆ ಐದು ಅಂಕಿ ಕೆಂಪಗೆ ಹೊಳೆಯುತ್ತಿರುತ್ತವೆ, ಕಾಯಿ ಒಡೆಸುವವರ ಸಾಲು ಇರುತ್ತದೆ. ಏನಿದು ಅಂತ ಕೇಳಿ, ರೇವವ್ವನ ಹಚ್ಚೆ ಅಂತಾರೆ. ಶನಿವಾರ ಹೋದರೆ ಕಲ್ಲು ಒದ್ದೆಯಾಗಿರುತ್ತದೆ. ಹೊಸ್ತಿಲಲ್ಲಿ ಒಬ್ಬಳು ಕೂತು ಹೆಸರು ಹೇಳುತ್ತಿರುತ್ತಾಳೆ, ಬೇವಿನ ಗಿಡದ ಕೆಳಗೆ ಕೇರಿಯ ನಾಲ್ಕು ಜನ ನಿಂತು ಕೇಳುತ್ತಿರುತ್ತಾರೆ. ಪೆಸ್ಯಾಳ ಹೆಸರನ್ನು ಕೊನೆಗೆ ಹೇಳುತ್ತಾಳೆ. ಹೇಳಿ ಬಟ್ಟೆ ಹಿಂಡಿಕೊಂಡು ಮನೆಗೆ ಹೋಗುತ್ತಾಳೆ, ಮುಂದಿನ ಶುಕ್ರವಾರ ಮತ್ತೆ ಬರೆಯುತ್ತಾರೆ ಅಂತ ಆಕೆಗೆ ಗೊತ್ತಿದೆ.