ಹಡಗು ತಿರುಗಿಸಿದ ಪರಮೇಶಿ

ಟೀ ಕುಡಿಯುತ್ತ ಕೇಳಿ, ವಿಯೆಟ್ನಾಮಿನ ಸುಣ್ಣಕಲ್ಲು ಗುಡ್ಡಗಳ ಕೊಲ್ಲಿಯಲ್ಲಿ ಐಷಾರಾಮಿ ಹಡಗೊಂದನ್ನು ಈ ಕೈಯಲ್ಲೇ ತಿರುಗಿಸಿದ್ದೇನೆ. ಸುಳ್ಳು ಬಿಡಿ. ತಿರುಗಿಸಿದ್ದು ನಮ್ಮ ಪ್ರವಾಸದ ಅಡುಗೆಯವನು ಪರಮೇಶಿ.

ಸಂಜೆ ಲಂಗರು ಬಿತ್ತು. ನಮ್ಮ ಗುಂಪಿನ ನಿವೃತ್ತ ತಹಶೀಲ್ದಾರ್ ಪುಟ್ಟಸ್ವಾಮಯ್ಯನವರ ಕಿಟಕಿಗೆ ಬರೀ ಬೋಳು ಬಂಡೆ.

"ಲೋ ಪರಮೇಶಿ, ಬೆಳಿಗ್ಗೆ ನನಗೆ ಕೊಲ್ಲಿ ಕಾಣಬೇಕು. ಇಲ್ಲಾಂದ್ರೆ ಕಂಪನಿಗೆ ಬರೆದು ನಿನ್ನ ಕೆಲಸ ತೆಗೆಸ್ತೀನಿ!"

ಲಂಗರು ಹಾಕಿದ ಹಡಗು ಗಾಳಿಗೆ, ನೀರಿನ ಸೆಳೆತಕ್ಕೆ ತಾನೇ ಸುತ್ತುತ್ತದೆಂದು ಹತ್ತು ಸಲ ಬಂದ ಪರಮೇಶಿಗೆ ಗೊತ್ತು.

"ಕ್ಯಾಪ್ಟನ್‌ಗೆ ಹೇಳಿ ತಿರುಗಿಸ್ತೀನಿ ಸಾರ್. ತಾವು ಗೊರಕೆ ಹೊಡೀರಿ."

ಬೆಳಿಗ್ಗೆ ಕಿಟಕಿ ತುಂಬ ಕೊಲ್ಲಿ. "ನನಗೋಸ್ಕರ ಹಡಗನ್ನೇ ತಿರುಗಿಸಿದರು!" ಎಂದು ಸಾಹೇಬರು ತಿಂಡಿಯ ಮೇಜಿನ ಮುಂದೆ ಎಲ್ಲರಿಗೂ ಸಾರಿದರು. ರೂಮಿಗೆ ಮರಳಿದರೆ ಮತ್ತೆ ಬಂಡೆ!

"ಏನೋ ಇದು?"

"ಎದುರು ರೂಮಿನ ಟೀಚರಮ್ಮನೂ ಕೇಳಿದ್ರು ಸಾರ್. ಅವರು ದಯವಿಟ್ಟು ಅಂದಿದ್ರು."

ಸಾಹೇಬರು ಆಚೀಚೆ ನೋಡಿ ಮೆಲ್ಲಗೆ, "ದಯವಿಟ್ಟು ಪರಮೇಶಣ್ಣಾ..." ಎಂದರು.

ನೀವೂ ದಯವಿಟ್ಟು ನನ್ನ ಟೀ ದುಡ್ಡು ಕೊಟ್ಟುಬಿಡಿ.